ತುಂಬಿದ ವಾಚನಾಲಯ, ಕದಲದ ಪುಸ್ತಕ

ಧಾರವಾಡ, ಕಲಬುರಗಿ, ವಿಜಯಪುರ ಅಥವಾ ದಾವಣಗೆರೆಯಂಥ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಳಿಗ್ಗೆ ಬಾಗಿಲು ತೆರೆದ ಸ್ವಲ್ಪ ಹೊತ್ತಿಗೆ ಹೋದರೂ ಒಳಗೆ ಖಾಲಿ ಕುರ್ಚಿ ಸಿಗುವುದು ಕಷ್ಟ. ಕಾನ್‌ಸ್ಟೆಬಲ್, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ, ಪಿಡಿಒ, ಕೆಎಎಸ್ ಹೀಗೆ ಒಂದಲ್ಲ ಒಂದು ಸರ್ಕಾರಿ ನೌಕರಿಯ ಪರೀಕ್ಷೆಗೆ ಸಿದ್ಧರಾಗುತ್ತಿರುವ ತರುಣ ತರುಣಿಯರು ನೀರಿನ ಬಾಟಲಿ, ಊಟದ ಡಬ್ಬಿ, ನೋಟ್ಸಿನ ಕಟ್ಟು ಹಿಡಿದು ಬಂದು ಸಂಜೆಯವರೆಗೂ ಅಲ್ಲೇ ಕುಳಿತಿರುತ್ತಾರೆ. ಅವರ ಮುಂದೆ ತೆರೆದಿರುವ ಪುಸ್ತಕ ಬಹುಮಟ್ಟಿಗೆ ಅವರದೇ: ಸ್ವಂತ ದುಡ್ಡಿನಲ್ಲಿ ಕೊಂಡ ಗೈಡು, ಕೋಚಿಂಗ್ ಕೇಂದ್ರದಿಂದ ತಂದ ಜೆರಾಕ್ಸ್ ಪ್ರತಿ ಅಥವಾ ಮೊಬೈಲಿನಲ್ಲಿರುವ ಪಿಡಿಎಫ್. ಬೆನ್ನ ಹಿಂದೆ ಗೋಡೆಯುದ್ದಕ್ಕೂ ನಿಂತ ಕಪಾಟುಗಳಲ್ಲಿ ಕಥೆ, ಕಾದಂಬರಿ, ಇತಿಹಾಸ, ವಿಜ್ಞಾನ, ಆತ್ಮಕಥೆಗಳ ಸಾವಿರಾರು ಸಂಪುಟಗಳಿರುತ್ತವೆ. ಅವನ್ನು ತೆರೆದು ನೋಡುವವರು, ಸಹಿ ಮಾಡಿ ಮನೆಗೆ ಒಯ್ಯುವವರು ತೀರ ಕಡಿಮೆ.

ಗ್ರಂಥಾಲಯಗಳ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತದೆ. ಓದುವ ಹವ್ಯಾಸವೇ ಹೋಯಿತು, ಮೊಬೈಲು ಎಲ್ಲವನ್ನೂ ನುಂಗಿತು ಎಂಬ ಕೊರಗು ಒಂದು; ದಿನಕ್ಕೆ ಇಷ್ಟು ನೂರು ಜನ ಬರುತ್ತಾರೆ, ಇಷ್ಟು ಕಂಪ್ಯೂಟರ್ ಕೊಟ್ಟಿದ್ದೇವೆ ಎಂಬ ಇಲಾಖೆಯ ವರದಿ ಇನ್ನೊಂದು. ಸಾರ್ವಜನಿಕರ ಹಣದಲ್ಲಿ ಕೊಂಡ ಒಂದು ಪುಸ್ತಕ ವರ್ಷದಲ್ಲಿ ಎಷ್ಟು ಸಲ ಕಪಾಟಿನಿಂದ ಇಳಿದು, ಯಾರದೋ ಮನೆ ಸೇರಿ, ಓದಿಸಿಕೊಂಡು ಮರಳಿ ಬಂತು ಎಂಬ ಪ್ರಶ್ನೆ ಈ ಎರಡರಲ್ಲೂ ಏಳುವುದಿಲ್ಲ. ಈ ಪ್ರಶ್ನೆಯನ್ನು ಮುಂದಿಟ್ಟು ನೋಡಿದರೆ, ಕರ್ನಾಟಕದ ಗ್ರಂಥಾಲಯ ವ್ಯವಸ್ಥೆ ಕೂತು ಓದುವ ಕೊಠಡಿಯಾಗಿ ಗೆದ್ದಿದೆ, ಪುಸ್ತಕ ಎರವಲು ಕೊಡುವ ಸಂಸ್ಥೆಯಾಗಿ ಸೊರಗಿದೆ ಎಂಬುದು ಕಾಣುತ್ತದೆ. ಈ ಸೊರಗುವಿಕೆಗೆ ಓದುಗರ ಅನಾಸಕ್ತಿ ಒಂದು ಪಾಲು ಕಾರಣವಿರಬಹುದು; ನಾವು ಪುಸ್ತಕವನ್ನು ಕೊಳ್ಳುವ, ಕಾಯುವ ಮತ್ತು ಲೆಕ್ಕ ಇಡುವ ರೀತಿಯ ಪಾಲು ಅದಕ್ಕಿಂತ ದೊಡ್ಡದು ಎಂಬುದು ನನ್ನ ವಾದ.

ಪರೀಕ್ಷಾರ್ಥಿಗಳು ಗ್ರಂಥಾಲಯವನ್ನು ಆಕ್ರಮಿಸಿಕೊಂಡಿದ್ದಾರೆ ಎಂದು ದೂರುವವರಿದ್ದಾರೆ. ಆ ದೂರು ನ್ಯಾಯವಾದದ್ದಲ್ಲ. 2024ರಲ್ಲಿ 1,000 ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ 5 ಲಕ್ಷಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದರು ಎಂಬ ಒಂದೇ ಲೆಕ್ಕ ಸಾಕು, ಈ ಕುರ್ಚಿಗಳ ಮೇಲಿನ ಒತ್ತಡ ಎಂಥದೆಂದು ತಿಳಿಯಲು. ಹಳ್ಳಿಯಿಂದ ಬಂದು ಒಂದೇ ಕೋಣೆಯಲ್ಲಿ ಹಲವರೊಂದಿಗೆ ಬಾಡಿಗೆಗಿರುವವರಿಗೆ ಫ್ಯಾನು, ದೀಪ, ಮೌನ, ಶೌಚಾಲಯ ಮತ್ತು ಅಂದಿನ ದಿನಪತ್ರಿಕೆ ಒಂದೇ ಕಡೆ ಸಿಗುವ ಜಾಗ ಬೇರೆ ಇಲ್ಲ. ತಿಂಗಳಿಗೆ ಶುಲ್ಕ ಪಡೆದು ಕುರ್ಚಿ, ಮೇಜು, ವೈಫೈ ಕೊಡುವ ಖಾಸಗಿ ಕೊಠಡಿಗಳು ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಬೀದಿಬೀದಿಗೆ ಹುಟ್ಟಿಕೊಂಡಿವೆ; ಹಲವು ಕೊಠಡಿಗಳ ಫಲಕದ ಮೇಲೆ ‘ಲೈಬ್ರರಿ’ ಎಂದೇ ಬರೆದಿರುತ್ತದೆ, ಒಳಗೆ ಪುಸ್ತಕವಿರುವುದಿಲ್ಲ. ಆ ಶುಲ್ಕ ಕಟ್ಟಲಾಗದವರಿಗೆ, ಅದರಲ್ಲೂ ಮನೆಯಲ್ಲಿ ಓದಲು ಒಂದು ಮೂಲೆಯೂ ಸಿಗದ ಹೆಣ್ಣುಮಕ್ಕಳಿಗೆ, ಸರ್ಕಾರಿ ಗ್ರಂಥಾಲಯ ಕೊಡುತ್ತಿರುವ ನೆರವು ನಿಜವಾದದ್ದು. ಅದನ್ನು ಕಿತ್ತುಕೊಳ್ಳಬೇಕೆಂದು ಯಾರೂ ಹೇಳಬಾರದು.

ಆದರೆ ಖಾಸಗಿ ಕೊಠಡಿ ಮಾಡುವ ಕೆಲಸವನ್ನೇ ಸಾರ್ವಜನಿಕ ಗ್ರಂಥಾಲಯವೂ ಮಾಡಿ ಅಲ್ಲಿಗೇ ನಿಂತರೆ, ಎರಡಕ್ಕೂ ಇರುವ ವ್ಯತ್ಯಾಸ ಶುಲ್ಕ ಒಂದೇ ಆಗುತ್ತದೆ. ಮೂರ್ನಾಲ್ಕು ವರ್ಷ ಪ್ರತಿದಿನ ಒಂದು ಕಟ್ಟಡಕ್ಕೆ ಬಂದು ಹೋಗುವ ಯುವಕನಿಗೆ ಆ ಕಟ್ಟಡದಲ್ಲಿರುವ ಒಂದು ಪುಸ್ತಕವನ್ನೂ ಯಾರೂ ಕೈಗೆ ಕೊಡಲಿಲ್ಲವೆಂದರೆ, ತಪ್ಪು ಅವನದಲ್ಲ. ಕುಳಿತು ಓದಲು ಹೆಸರು ನೋಂದಾಯಿಸುವ ದಿನವೇ ಪುಸ್ತಕ ಒಯ್ಯುವ ಸದಸ್ಯತ್ವವನ್ನೂ ಕೊಟ್ಟುಬಿಡುವುದು ಅಸಾಧ್ಯವಾದ ಮಾತೇನಲ್ಲ. ಪರೀಕ್ಷೆಗೆಂದು ಸಂವಿಧಾನ, ಭೂಗೋಳ, ಕರ್ನಾಟಕದ ಇತಿಹಾಸವನ್ನು ಅಂಶಅಂಶವಾಗಿ ಬಾಯಿಪಾಠ ಮಾಡುವವರಿಗೆ ಅದೇ ವಿಷಯದ ಮೇಲೆ ಬರೆದ ಒಂದು ಒಳ್ಳೆಯ ಪುಸ್ತಕ ಎರಡು ಕಪಾಟಿನಾಚೆ ಇದೆ ಎಂದು ತೋರಿಸುವ ಒಬ್ಬ ಗ್ರಂಥಪಾಲಕ ಬೇಕು, ಅಷ್ಟೆ.

ಈ ವ್ಯವಸ್ಥೆ ಹೇಗೆ ಕಟ್ಟಲ್ಪಟ್ಟಿತು ಎಂಬುದನ್ನು ಸಂಕ್ಷೇಪವಾಗಿಯಾದರೂ ನೆನೆಯಬೇಕು. ಹಳೆಯ ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1914–15ರ ಸುಮಾರಿಗೆ, ಬೆಂಗಳೂರು ಮತ್ತು ಮೈಸೂರುಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಆರಂಭವಾದವು. ಕಬ್ಬನ್ ಪಾರ್ಕಿನ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ಇಂದಿನ ರಾಜ್ಯ ಕೇಂದ್ರ ಗ್ರಂಥಾಲಯದ ಬೇರು ಅಲ್ಲಿದೆ. ಗ್ರಂಥಾಲಯಕ್ಕೊಂದು ಕಾನೂನು ಎಂಬುದನ್ನು ಮಾತ್ರ ಕನ್ನಡ ನಾಡಿನ ಅಂಚುಗಳು ಮೊದಲು ಕಂಡವು. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡಕ್ಕೆ 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯ್ದೆ, ಹೈದರಾಬಾದ್ ರಾಜ್ಯದಲ್ಲಿದ್ದ ಕಲಬುರಗಿ, ರಾಯಚೂರು, ಬೀದರಿಗೆ 1955ರ ಹೈದರಾಬಾದ್ ಕಾಯ್ದೆ ಅನ್ವಯವಾಗಿದ್ದವು. ಏಕೀಕರಣದ ನಂತರ ಇಡೀ ರಾಜ್ಯಕ್ಕೆ ಒಂದೇ ಕಾಯ್ದೆ ಬಂದದ್ದು 1965ರಲ್ಲಿ. ಈ ಎಲ್ಲ ಕಾಯ್ದೆಗಳ ಹಿಂದೆ ಇದ್ದ ಚಿಂತನೆ ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಸ್.ಆರ್. ರಂಗನಾಥನ್ ಅವರದು. ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು, 1962ರಲ್ಲಿ ಇಲ್ಲೇ ಪ್ರಲೇಖನ (ಡಾಕ್ಯುಮೆಂಟೇಶನ್) ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. 1931ರಲ್ಲಿ ಅವರು ಮುಂದಿಟ್ಟ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ಪ್ರತಿ ಆಗಸ್ಟ್ 12ರಂದು, ಗ್ರಂಥಪಾಲಕರ ದಿನದಂದು, ನಮ್ಮ ಗ್ರಂಥಾಲಯಗಳಲ್ಲಿ ಅವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಆ ಮೊದಲ ಸೂತ್ರ ಎಲ್ಲಿ ಮುರಿದುಬಿತ್ತು ಎಂಬುದನ್ನು ಪರಿಶೀಲಿಸುವುದು ಅವರಿಗೆ ಸಲ್ಲಿಸಬಹುದಾದ ಇನ್ನೂ ದೊಡ್ಡ ಗೌರವ.

ಹಣದ ಕೊರತೆಯಿಂದ ಮುರಿಯಿತು ಎಂಬ ಉತ್ತರ ಅರ್ಧ ಮಾತ್ರ ಸರಿ. ಮನೆಯ ಆಸ್ತಿ ತೆರಿಗೆಯ ರಸೀದಿಯನ್ನು ಗಮನವಿಟ್ಟು ನೋಡಿದವರಿಗೆ ಅದರಲ್ಲಿ ಗ್ರಂಥಾಲಯ ಕರ ಎಂಬ ಒಂದು ಸಾಲು ಕಾಣುತ್ತದೆ. 2025ರವರೆಗೆ ಇದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ರಸೀದಿಗಳಲ್ಲಿ ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಎಂದು ಸೇರುತ್ತಿತ್ತು. ಆ ದರದಲ್ಲಿ ವರ್ಷಕ್ಕೆ ಹತ್ತು ಸಾವಿರ ರೂಪಾಯಿ ಆಸ್ತಿ ತೆರಿಗೆ ಕಟ್ಟುವ ಮನೆ ಗ್ರಂಥಾಲಯಕ್ಕೆಂದೇ ಆರು ನೂರು ರೂಪಾಯಿ ಕೊಡುತ್ತದೆ. ಈ ಹಣವನ್ನು ಸ್ಥಳೀಯ ಸಂಸ್ಥೆ ವಸೂಲಿ ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ದಾಟಿಸಬೇಕು. ವಸೂಲಾದದ್ದು ದಾಟದೆ ಉಳಿಯುವುದು ಹಳೆಯ ರೋಗ. ಬೆಂಗಳೂರಿನಲ್ಲಿ ಈ ಬಾಕಿ ನೂರಾರು ಕೋಟಿ ರೂಪಾಯಿಗೆ ಬೆಳೆದಿದ್ದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿದೆ. ಜನ ಪುಸ್ತಕಕ್ಕೆಂದು ಕೊಟ್ಟ ಹಣ ಬೇರೆ ಖರ್ಚಿಗೆ ಹರಿದುಹೋಗುವುದನ್ನು ಆಡಳಿತಾತ್ಮಕ ವಿಳಂಬ ಎಂದು ಕರೆದು ಸುಮ್ಮನಾಗುವುದು ಸರಿಯಲ್ಲ. ಹಾಗಿದ್ದರೂ ಕರದ ದರವೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ತಮಿಳುನಾಡಿನಲ್ಲಿ ಅದು ಶೇ 10, ಕೇರಳದಲ್ಲಿ ಶೇ 5. ನಮಗಿಂತ ಕಡಿಮೆ ದರವಿರುವ ಕೇರಳದಲ್ಲಿ ಹಳ್ಳಿಯ ಓದು ನಮಗಿಂತ ಬಲವಾಗಿರುವುದಕ್ಕೆ ಬೇರೆ ಕಾರಣಗಳಿರಲೇಬೇಕು.

ಮೊದಲ ಕಾರಣ ಕಪಾಟಿನ ಬೀಗ. ಹಲವೆಡೆ ಪುಸ್ತಕಗಳು ಗಾಜಿನ ಅಥವಾ ಕಬ್ಬಿಣದ ಬೀರುವಿನೊಳಗಿರುತ್ತವೆ. ಬೀಗದ ಕೈ ಇರುವವರು ಬಂದಾಗಲೇ ಅವು ಸಿಗುವುದು. ಸದಸ್ಯತ್ವಕ್ಕೆ ಅರ್ಜಿ, ವಿಳಾಸದ ದಾಖಲೆ, ಠೇವಣಿ, ಕೆಲವು ಕಡೆ ಪತ್ರಾಂಕಿತ ಅಧಿಕಾರಿಯ ಸಹಿ ಅಥವಾ ಜಾಮೀನು ಬೇಕು. ಬಾಡಿಗೆ ಮನೆಯ ಕೂಲಿ ಕಾರ್ಮಿಕನಿಗೆ, ಊರಿಗೆ ಹೊಸದಾಗಿ ಬಂದ ಮಹಿಳೆಗೆ ಪತ್ರಾಂಕಿತ ಅಧಿಕಾರಿಯ ಪರಿಚಯ ಎಲ್ಲಿಂದ ಬರಬೇಕು? ಪುಸ್ತಕ ಯಾರಿಗೆ ಹೆಚ್ಚು ಬೇಕೋ ಅವರನ್ನೇ ಹೊಸ್ತಿಲಲ್ಲಿ ತಡೆದು ನಿಲ್ಲಿಸುವ ನಿಯಮ ಇದು.

ಇದನ್ನು ಗ್ರಂಥಾಲಯದ ಸಿಬ್ಬಂದಿಯ ಜಡತನ ಎಂದು ಹೇಳಿ ಮುಗಿಸಿದರೆ ವಿಷಯ ಅರ್ಥವಾಗುವುದಿಲ್ಲ. ಸರ್ಕಾರಿ ಲೆಕ್ಕದಲ್ಲಿ ಗ್ರಂಥಾಲಯದ ಪುಸ್ತಕ ಎಂದರೆ ಮೇಜು, ಬೀರುಗಳ ಹಾಗೆ ದಾಸ್ತಾನು ವಹಿಯಲ್ಲಿ ನಮೂದಾದ ಒಂದು ಸ್ವತ್ತು. ಲೆಕ್ಕ ಪರಿಶೋಧನೆಯ ದಿನ ವಹಿಯಲ್ಲಿರುವ ಸಂಖ್ಯೆಯೂ ಕಪಾಟಿನಲ್ಲಿರುವ ಸಂಖ್ಯೆಯೂ ತಾಳೆಯಾಗಬೇಕು; ಆಗದಿದ್ದರೆ ಆಕ್ಷೇಪಣೆ, ವಿವರಣೆ, ವಸೂಲಾತಿಯ ಭಯ. ನೂರು ಪುಸ್ತಕಗಳನ್ನು ಊರಿಗೆ ಓದಲು ಕೊಟ್ಟು ಮೂರನ್ನು ಕಳೆದುಕೊಂಡ ಗ್ರಂಥಪಾಲಕ ನೋಟಿಸಿಗೆ ಉತ್ತರ ಬರೆಯುತ್ತಾನೆ. ಒಂದನ್ನೂ ಕೊಡದೆ ಧೂಳು ಹಿಡಿಸಿದವನನ್ನು ಯಾರೂ ಏನೂ ಕೇಳುವುದಿಲ್ಲ. ಇಂಥ ಏರ್ಪಾಟಿನಲ್ಲಿ ಬುದ್ಧಿವಂತ ಮನುಷ್ಯ ಏನು ಮಾಡುತ್ತಾನೋ ಅದನ್ನೇ ನಮ್ಮ ಸಿಬ್ಬಂದಿ ಮಾಡುತ್ತಿದ್ದಾರೆ. ಅದರಲ್ಲೂ ನಿವೃತ್ತಿಗೆ ಹತ್ತಿರವಾದವರು, ಗೌರವಧನದ ಮೇಲೆ ದುಡಿಯುವವರು ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುತ್ತಾರೆಂದು ನಿರೀಕ್ಷಿಸುವುದು ಅನ್ಯಾಯ.

ಇದಕ್ಕೆ ಪರಿಹಾರ ನಮ್ಮ ದೇಶದ ನಿಯಮಾವಳಿಯಲ್ಲೇ ಇದೆ ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ 215ನೇ ನಿಯಮವು, ವರ್ಷದಲ್ಲಿ ಎರವಲು ಕೊಟ್ಟ ಅಥವಾ ಪರಾಮರ್ಶೆಗೆ ಬಳಕೆಯಾದ ಪ್ರತಿ 1,000 ಸಂಪುಟಗಳಿಗೆ 5 ಸಂಪುಟಗಳು ಕಳೆದುಹೋದರೆ, ಅದರ ಹಿಂದೆ ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದಲ್ಲಿ, ಅದನ್ನು ಸಹಜ ನಷ್ಟವೆಂದು ಪರಿಗಣಿಸಬಹುದು ಎನ್ನುತ್ತದೆ. ಒಂದು ಸಾವಿರ ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಅಥವಾ, ಬೆಲೆ ಎಷ್ಟೇ ಇರಲಿ, ಅಪರೂಪದ ಪುಸ್ತಕ ಕಳೆದರೆ ಮಾತ್ರ ತಪ್ಪದೆ ತನಿಖೆಯಾಗಬೇಕು. ದೊಡ್ಡ ಸಂಗ್ರಹಗಳಿಗೆ ಪ್ರತಿ ವರ್ಷ ಪೂರ್ಣ ದಾಸ್ತಾನು ಪರಿಶೀಲನೆಯೂ ಬೇಕಿಲ್ಲ. 50,000ಕ್ಕಿಂತ ಹೆಚ್ಚು ಸಂಪುಟಗಳಿದ್ದರೆ ಮೂರು ವರ್ಷಕ್ಕೆ ಮೀರದ ಅಂತರದಲ್ಲಿ ಮಾದರಿ ಪರಿಶೀಲನೆ ಸಾಕು. ಈ ನಿಯಮದ ಒಳಗಿರುವ ವಿವೇಕವನ್ನು ಗಮನಿಸಬೇಕು: ನಷ್ಟದ ಮಿತಿಯನ್ನು ಅದು ಕಪಾಟಿನಲ್ಲಿರುವ ಪುಸ್ತಕಗಳ ಸಂಖ್ಯೆಗೆ ಕಟ್ಟಿಲ್ಲ, ಬಳಕೆಯಾದ ಪುಸ್ತಕಗಳ ಸಂಖ್ಯೆಗೆ ಕಟ್ಟಿದೆ. ಹೆಚ್ಚು ಕೊಟ್ಟವನಿಗೆ ಹೆಚ್ಚು ರಕ್ಷಣೆ. ಈ ನಿಯಮ ಕೇಂದ್ರದ ಕಚೇರಿಗಳಿಗೆ ಅನ್ವಯಿಸುವಂಥದ್ದು. ರಾಜ್ಯದ ಪ್ರತಿಯೊಬ್ಬ ಗ್ರಂಥಪಾಲಕ ಮತ್ತು ಪ್ರತಿಯೊಬ್ಬ ಲೆಕ್ಕ ಪರಿಶೋಧಕನ ಕೈಯಲ್ಲಿ ಇಷ್ಟೇ ಸ್ಪಷ್ಟವಾದ ಒಂದು ಆದೇಶವಿದ್ದು, ಅದನ್ನು ಇನ್ನಷ್ಟು ಸಡಿಲವಾಗಿ, ಅಂದರೆ ಮಕ್ಕಳ ಪುಸ್ತಕಗಳಿಗೆ ಸಾವಿರಕ್ಕೆ ಇಪ್ಪತ್ತೋ ಮೂವತ್ತೋ ಎಂದು ಬರೆದರೆ, ಎಷ್ಟೋ ಬೀಗಗಳು ತಾವಾಗಿ ತೆರೆಯುತ್ತವೆ. ಮಕ್ಕಳ ಚಿತ್ರಪುಸ್ತಕ ಹರಿದುಹೋಯಿತು ಎಂದರೆ ಅದು ಓದಿಸಿಕೊಂಡಿತು ಎಂದೇ ಅರ್ಥ.

ಎರಡನೆಯ ಕಾರಣ ಕಪಾಟಿನೊಳಗೆ ಏನಿದೆ ಎಂಬುದು. ಕರ್ನಾಟಕದಲ್ಲಿ ಗ್ರಂಥಾಲಯಗಳಿಗೆ ಬರುವ ಕನ್ನಡ ಪುಸ್ತಕಗಳ ದೊಡ್ಡ ಪಾಲು ಬರುವುದು ಸಗಟು ಖರೀದಿ ಯೋಜನೆಯ ಮೂಲಕ. ಪ್ರಕಾಶಕರು ಮತ್ತು ಲೇಖಕರು ತಮ್ಮ ಪುಸ್ತಕ ಸಲ್ಲಿಸುತ್ತಾರೆ, ಆಯ್ಕೆ ಸಮಿತಿ ಪಟ್ಟಿ ಮಾಡುತ್ತದೆ, ಪುಟಗಳ ಲೆಕ್ಕದಲ್ಲಿ ಬೆಲೆ ನಿಗದಿಯಾಗಿ ಆಯ್ಕೆಯಾದ ಶೀರ್ಷಿಕೆಯ ಸಾಮಾನ್ಯವಾಗಿ 300 ಪ್ರತಿಗಳನ್ನು ಇಲಾಖೆ ಕೊಳ್ಳುತ್ತದೆ. ಕನ್ನಡ ಪ್ರಕಾಶನಕ್ಕೆ ಈ ಯೋಜನೆ ಕೊಟ್ಟ ಆಧಾರ ಸಣ್ಣದಲ್ಲ. ಸಾವಿರ ಪ್ರತಿ ಅಚ್ಚು ಹಾಕಿ ಅದನ್ನು ಮಾರಲು ವರ್ಷಗಟ್ಟಲೆ ತೆಗೆದುಕೊಳ್ಳುವ ಮಾರುಕಟ್ಟೆಯಲ್ಲಿ, ಮುನ್ನೂರು ಪ್ರತಿ ಒಟ್ಟಿಗೆ ಹೋಗುತ್ತದೆ ಎಂಬ ಭರವಸೆ ಇಲ್ಲದಿದ್ದರೆ ಎಷ್ಟೋ ಸಂಶೋಧನೆ, ಕಾವ್ಯ, ಅನುವಾದಗಳು ಹೊರಬರುತ್ತಲೇ ಇರಲಿಲ್ಲ. ಪಟ್ಟಿ ಪ್ರಕಟವಾಗಲು ಆಗುವ ವರ್ಷಗಳ ವಿಳಂಬ, ಬಿಲ್ಲು ಪಾವತಿಯ ವಿಳಂಬ, ಹಳೆಯ ಪುಟದರ ಇವುಗಳ ಬಗ್ಗೆ ಪ್ರಕಾಶಕರು ಮತ್ತೆ ಮತ್ತೆ ದನಿಯೆತ್ತುತ್ತಿರುವುದೂ ನ್ಯಾಯವಾಗಿಯೇ ಇದೆ.

ಆದರೆ ಈ ಇಡೀ ಮಾತುಕತೆ ಪ್ರಕಾಶಕ ಮತ್ತು ಇಲಾಖೆಯ ನಡುವೆ ನಡೆಯುತ್ತದೆ. ಓದುಗ ಎಲ್ಲಿಯೂ ಬರುವುದಿಲ್ಲ. ಹೊಸದುರ್ಗದ ಓದುಗರಿಗೆ ಏನು ಬೇಕು, ಮುಧೋಳದ ರೈತ ಯಾವ ವಿಷಯ ಹುಡುಕಿಕೊಂಡು ಬಂದು ಬರಿಗೈಯಲ್ಲಿ ಹಿಂದಿರುಗಿದ ಎಂಬುದು ಬೆಂಗಳೂರಿನ ಸಮಿತಿಗೆ ತಲುಪುವ ದಾರಿಯೇ ಇಲ್ಲ. ಹಂಚಿಕೆಯ ಲೆಕ್ಕವೂ ವಿಚಿತ್ರ. ಗ್ರಾಮೀಣ ಗ್ರಂಥಾಲಯಗಳೂ ಇಲಾಖೆಯ ಕೈಯಲ್ಲಿದ್ದಾಗ ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಸಾರ್ವಜನಿಕ ಗ್ರಂಥಾಲಯಗಳಿದ್ದವು. ಒಂದು ಶೀರ್ಷಿಕೆಯ ಮುನ್ನೂರು ಪ್ರತಿಯನ್ನು ಅವುಗಳ ನಡುವೆ ಹಂಚಿದರೆ ಇಪ್ಪತ್ತು ಗ್ರಂಥಾಲಯಗಳಲ್ಲಿ ಒಂದಕ್ಕೆ ಒಂದು ಪ್ರತಿ. ಜನ ಮುಗಿಬಿದ್ದು ಕೇಳುವ ಕಾದಂಬರಿಗೂ ಮುನ್ನೂರು, ಹತ್ತು ವಿದ್ವಾಂಸರಿಗೆ ಬೇಕಾದ ಗ್ರಂಥಕ್ಕೂ ಮುನ್ನೂರು ಎಂಬ ಸಮಾನತೆಯಿಂದ ಎರಡಕ್ಕೂ ನಷ್ಟ: ಮೊದಲನೆಯದು ಸಾಲದು, ಎರಡನೆಯದು ತಪ್ಪು ಊರಿಗೆ ಹೋಗಿ ಕೂರುತ್ತದೆ. ನಿಮ್ಮ ಊರಿನ ಶಾಖೆಯಲ್ಲಿಲ್ಲದ ಪುಸ್ತಕ ಯಾವ ಶಾಖೆಯಲ್ಲಿದೆ ಎಂದು ಮನೆಯಿಂದಲೇ ಹುಡುಕಿ, ಅದನ್ನು ಹತ್ತಿರದ ಶಾಖೆಗೆ ತರಿಸಿಕೊಳ್ಳುವ ಅನುಕೂಲ ಬಹುತೇಕ ಊರುಗಳಲ್ಲಿ ಇಲ್ಲದಿರುವುದರಿಂದ ತಪ್ಪು ಊರಿಗೆ ಹೋದ ಪುಸ್ತಕ ಅಲ್ಲೇ ಉಳಿದುಬಿಡುತ್ತದೆ.

ಓದುಗರ ಬೇಡಿಕೆಗೆ ಕಿವಿಗೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ಇತಿಹಾಸದಲ್ಲಿ ಸಾಕ್ಷಿ ಇದೆ. ಬೆಂಗಳೂರು, ಮೈಸೂರುಗಳಿಂದ ಹಿಡಿದು ಮಲೆನಾಡಿನ ಸಣ್ಣ ಪೇಟೆಗಳವರೆಗೆ ಒಂದು ಕಾಲದಲ್ಲಿ ಬೀದಿಗೊಂದರಂತೆ ಇದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳು ದಿನದ ಬಾಡಿಗೆಗೆ ಕಾದಂಬರಿ ಕೊಡುತ್ತಿದ್ದವು. ಅಂಗಡಿಯವನಿಗೆ ತನ್ನ ಗಿರಾಕಿಗಳ ರುಚಿ ಗೊತ್ತಿತ್ತು. ಕೇಳುವವರು ಹೆಚ್ಚಿದ್ದರೆ ಅದೇ ಪುಸ್ತಕದ ನಾಲ್ಕು ಪ್ರತಿ ತರುತ್ತಿದ್ದ, ಬೆನ್ನು ಕಿತ್ತರೆ ರಟ್ಟು ಹಾಕಿಸುತ್ತಿದ್ದ. ವಾರಪತ್ರಿಕೆಯ ಧಾರಾವಾಹಿಗಳ ಜೊತೆ ಸೇರಿ ಈ ಅಂಗಡಿಗಳು, ಮುಖ್ಯವಾಗಿ ಗೃಹಿಣಿಯರನ್ನು, ಕನ್ನಡದ ದೊಡ್ಡ ಓದುಗ ವರ್ಗವಾಗಿ ಬೆಳೆಸಿದವು. ಟಿ.ವಿ. ಧಾರಾವಾಹಿಗಳು ಬಂದ ಮೇಲೆ ಅವು ಒಂದೊಂದಾಗಿ ಮುಚ್ಚಿದವು. ಅವು ಮುಚ್ಚುತ್ತಿದ್ದಾಗ ಆ ಓದುಗರನ್ನು ಬರಮಾಡಿಕೊಳ್ಳಲು ಸಾರ್ವಜನಿಕ ಗ್ರಂಥಾಲಯ ಸಿದ್ಧವಾಗಿರಲಿಲ್ಲ ಎಂಬುದು ನಾವು ಕಳೆದುಕೊಂಡ ದೊಡ್ಡ ಅವಕಾಶ. ಇಂದಿಗೂ ನಮ್ಮ ವಾಚನಾಲಯಗಳಲ್ಲಿ ಮಧ್ಯವಯಸ್ಸು ದಾಟಿದ ಮಹಿಳೆಯರು ಕಾಣುವುದು ಅಪರೂಪ. ಕುಳಿತು ಓದುವ ಬಿಡುವು ಅವರಿಗಿಲ್ಲ. ಒಯ್ದು ಓದುವ ವ್ಯವಸ್ಥೆ ಬಲವಾಗಿದ್ದರೆ ಬರುತ್ತಿದ್ದರು.

ಕೇರಳದ ಕಡೆ ಈಗ ಹೊರಳಬಹುದು. ಅಲ್ಲಿನ ಗ್ರಂಥಾಲಯಗಳು ಸರ್ಕಾರದಿಂದ ಹುಟ್ಟಿದವಲ್ಲ. 1945ರಲ್ಲಿ ತಿರುವಾಂಕೂರಿನಲ್ಲಿ ಪಿ.ಎನ್. ಪಣಿಕ್ಕರ್ ಅವರ ಮುಂದಾಳತ್ವದಲ್ಲಿ ಊರೂರ ಗ್ರಂಥಾಲಯಗಳು ಸೇರಿ ಒಂದು ಸಂಘ ಕಟ್ಟಿಕೊಂಡವು. 1989ರ ಕಾಯ್ದೆಯ ನಂತರ ಅದು ರಾಜ್ಯ ಗ್ರಂಥಾಲಯ ಪರಿಷತ್ತಾಯಿತು. ಇಂದು ಅದರಡಿ 9,000ಕ್ಕೂ ಹೆಚ್ಚು ಗ್ರಂಥಾಲಯಗಳಿವೆ. ಪ್ರತಿಯೊಂದನ್ನೂ ಊರಿನ ಸದಸ್ಯರು ಆರಿಸಿದ ಸಮಿತಿ ನಡೆಸುತ್ತದೆ. ಪರಿಷತ್ತು ಕೊಡುವ ಅನುದಾನವನ್ನು ಹಿಡಿದುಕೊಂಡು ಸಮಿತಿಯವರು ಜಿಲ್ಲಾ ಮಟ್ಟದ ಪುಸ್ತಕ ಮೇಳಕ್ಕೆ ಹೋಗಿ, ತಮ್ಮ ಊರಿಗೆ ಬೇಕಾದ ಪುಸ್ತಕವನ್ನು ತಾವೇ ಕೈಯಲ್ಲಿ ಹಿಡಿದು ನೋಡಿ ಆರಿಸುತ್ತಾರೆ. ಕಾಸರಗೋಡು, ಮಂಜೇಶ್ವರದ ಕನ್ನಡಿಗರ ಗ್ರಂಥಾಲಯಗಳೂ ಇದೇ ಏರ್ಪಾಟಿನ ಒಳಗೆ ಇವೆ. ಅಲ್ಲಿಯೂ ಮುಪ್ಪಾದ ಸಮಿತಿಗಳು, ರಾಜಕೀಯ ಪಕ್ಷಗಳ ಹಿಡಿತ ಎಂಬ ತೊಡಕುಗಳಿವೆ. ಆದರೂ ಪುಸ್ತಕ ಯಾರು ಆರಿಸಬೇಕು ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ನಮ್ಮದಕ್ಕಿಂತ ಉತ್ತಮವಾಗಿದೆ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ನಮ್ಮ ಸಗಟು ಖರೀದಿಯನ್ನು ರದ್ದುಮಾಡದೆಯೇ, ಖರೀದಿ ಹಣದ ಒಂದು ಪಾಲನ್ನು, ಮೂರನೆಯ ಒಂದು ಭಾಗವನ್ನಾದರೂ, ಪ್ರತಿ ಗ್ರಂಥಾಲಯದ ಓದುಗರ ಆಯ್ಕೆಗೆ ಬಿಡಬಹುದು. ಪ್ರಕಾಶಕರಿಗೂ ಇದರಿಂದ ಲಾಭವೇ. ಓದುಗರು ಕೇಳಿ ತರಿಸಿದ ಪುಸ್ತಕಕ್ಕೆ ಎರಡನೆಯ ಮುದ್ರಣ ಬರುತ್ತದೆ.

ನಮ್ಮಲ್ಲಿ ಭರವಸೆ ಹುಟ್ಟಿಸುವ ಬೆಳವಣಿಗೆ ನಡೆದಿರುವುದು ಹಳ್ಳಿಗಳಲ್ಲಿ. 2019ರಲ್ಲಿ ರಾಜ್ಯ ಸರ್ಕಾರ 5,600ರಷ್ಟು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಿತು. ಅಲ್ಲಿಯವರೆಗೆ ಅವುಗಳಲ್ಲಿ ಎಷ್ಟೋ ಗ್ರಂಥಾಲಯಗಳು ಸೋರುವ ಒಂದು ಕೋಣೆ, ನಾಲ್ಕು ಮುರುಕು ಕುರ್ಚಿ, ಒಂದೆರಡು ದಿನಪತ್ರಿಕೆ ಇಷ್ಟಕ್ಕೆ ಸೀಮಿತವಾಗಿದ್ದವು. ಕಟ್ಟಡ, ವಿದ್ಯುತ್ತು, ಕುಡಿಯುವ ನೀರು, ಬಣ್ಣ ಇವುಗಳನ್ನು ನೋಡಿಕೊಳ್ಳಬಲ್ಲ ಸಂಸ್ಥೆ ಊರಿನಲ್ಲೇ ಇರುವುದು ಪಂಚಾಯಿತಿ ಎಂಬ ತರ್ಕ ಸರಿಯಾಗಿತ್ತು. ಮರುವರ್ಷವೇ ಕೋವಿಡ್ ಬಂದು ಶಾಲೆಗಳು ಮುಚ್ಚಿದಾಗ, 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಲಕ್ಷಾಂತರ ಮಕ್ಕಳು ಸದಸ್ಯರಾದರು. ಇದೇ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ನಡೆಯುತ್ತಿವೆ.

ಇಲ್ಲಿ ನಡೆದದ್ದನ್ನು ಬಿಡಿಸಿ ನೋಡಿದರೆ, ನಗರದ ಗ್ರಂಥಾಲಯಗಳಲ್ಲಿ ಇಲ್ಲದ ಮೂರು ಸಂಗತಿಗಳು ಕೂಡಿಬಂದದ್ದು ಕಾಣುತ್ತದೆ. ಠೇವಣಿ ಇರಲಿಲ್ಲ. ಗ್ರಂಥಾಲಯದ ಮೇಲ್ವಿಚಾರಕರು ಹೆಚ್ಚಾಗಿ ಅದೇ ಊರಿನವರು. ಪುಸ್ತಕ ಒಯ್ದ ಹುಡುಗಿ ಯಾರ ಮನೆಯವಳು ಎಂಬುದು ಅವರಿಗೆ ಗೊತ್ತು, ಜಾಮೀನಿನ ಸಹಿಗಿಂತ ಆ ಪರಿಚಯ ಗಟ್ಟಿ. ಜೊತೆಗೆ ಮಕ್ಕಳಿಗೆ ಓದಲು ಸಾಧ್ಯವಾಗುವಂಥ ಪುಸ್ತಕಗಳು ಬಂದವು. ಈ ಕೊನೆಯ ಅಂಶದ ಮೇಲೆ ಸ್ವಲ್ಪ ನಿಲ್ಲಬೇಕು. ಐದನೆಯ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಎರಡನೆಯ ತರಗತಿಯ ಪಠ್ಯವನ್ನು ಸರಾಗವಾಗಿ ಓದಲು ಬರುವುದಿಲ್ಲ ಎಂದು ಹಳ್ಳಿ ಮಕ್ಕಳ ಕಲಿಕೆಯನ್ನು ಸಮೀಕ್ಷೆ ಮಾಡುವ ಅಸರ್ ವರದಿಗಳು ನಮ್ಮ ರಾಜ್ಯದ ಬಗ್ಗೆಯೂ ಹೇಳುತ್ತ ಬಂದಿವೆ. ಮನೆಯಲ್ಲಿ ಲಂಬಾಣಿ, ಉರ್ದು, ತುಳು, ತೆಲುಗು ಆಡುವ ಮಗುವಿಗೆ, ಅಷ್ಟೇಕೆ, ಕಲಬುರಗಿಯ ಕನ್ನಡ ಆಡುವ ಮಗುವಿಗೂ, ಪುಸ್ತಕದ ಕನ್ನಡ ಮೊದಲ ನೋಟಕ್ಕೆ ದೂರದ ಭಾಷೆ. ಅಂಥ ಮಗುವಿನ ಕೈಗೆ ಸಣ್ಣ ಅಕ್ಷರದ, ನೀತಿಬೋಧೆಯ, ಚಿತ್ರವಿಲ್ಲದ ನೂರು ಪುಟದ ಪುಸ್ತಕ ಕೊಟ್ಟರೆ ಅದು ಗ್ರಂಥಾಲಯದಿಂದ ಓಡಿಹೋಗುತ್ತದೆ. ಪುಟಕ್ಕೆ ಒಂದೆರಡು ಸಾಲು, ದೊಡ್ಡ ಅಕ್ಷರ, ತುಂಬ ಚಿತ್ರ ಇರುವ ಪುಸ್ತಕದಿಂದ ಹಂತಹಂತವಾಗಿ ಮೇಲೇರುವ ಸಂಗ್ರಹ ಬೇಕು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ ಈ ಕೆಲಸವನ್ನು ಕನ್ನಡದಲ್ಲೂ ಮಾಡಿದೆ. 2015ರಿಂದ ಅದರ ಸ್ಟೋರಿವೀವರ್ ತಾಣದಲ್ಲಿ ನಾಲ್ಕು ಓದು ಹಂತಗಳಲ್ಲಿ ವಿಂಗಡಿಸಿದ ಕಥೆಗಳು ಮುಕ್ತ ಪರವಾನಗಿಯಡಿ ಸಿಗುತ್ತವೆ. ಯಾವ ಪಂಚಾಯಿತಿ ಬೇಕಾದರೂ ಅವನ್ನು ಅಚ್ಚು ಹಾಕಿಸಿಕೊಳ್ಳಬಹುದು.

ಈ ಹಳ್ಳಿ ಗ್ರಂಥಾಲಯಗಳ ಮೇಲಿರುವ ಆತಂಕವನ್ನೂ ಹೇಳಬೇಕು. ಟಿ.ವಿ., ಕಂಪ್ಯೂಟರ್, ಗೋಡೆಚಿತ್ರ, ಉದ್ಘಾಟನೆ ಇವು ಬೇಗ ಕಣ್ಣಿಗೆ ಕಾಣುತ್ತವೆ, ಫೋಟೊದಲ್ಲಿ ಚೆನ್ನಾಗಿ ಬರುತ್ತವೆ. ವರ್ಷ ವರ್ಷವೂ ಹೊಸ ಪುಸ್ತಕ ತರುವುದು, ಶನಿವಾರ ಮಧ್ಯಾಹ್ನ ಇಪ್ಪತ್ತು ಮಕ್ಕಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಕಥೆ ಓದಿ ಹೇಳುವುದು ಫೋಟೊದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಆ ಕೆಲಸ ನಿಂತಿರುವುದು ಮೇಲ್ವಿಚಾರಕರ ಮೇಲೆ. ದಶಕಗಳ ಕಾಲ ಅವರನ್ನು ಅರೆಕಾಲಿಕರೆಂದು ಕರೆದು ಅಲ್ಪ ಗೌರವಧನಕ್ಕೆ ದುಡಿಸಿಕೊಂಡಿದ್ದೇವೆ. ಆ ಮೊತ್ತ ಕ್ರಮೇಣ ಏರಿದೆಯಾದರೂ, ಸಕಾಲಕ್ಕೆ ಸಂಬಳ, ಕೆಲಸದ ಭದ್ರತೆ ಮತ್ತು ಮಕ್ಕಳ ಸಾಹಿತ್ಯದ ತರಬೇತಿ ಈ ಮೂರೂ ಇಲ್ಲದೆ ಅವರಿಂದ ಊರಿನ ಓದನ್ನು ಬೆಳೆಸುವ ಕೆಲಸ ನಿರೀಕ್ಷಿಸಲಾಗದು.

ಪುಸ್ತಕದ ಮೇಲೆ ಜನರಿಗಿರುವ ಮಮತೆ ಬತ್ತಿದೆ ಎಂದು ನಾನು ನಂಬುವುದಿಲ್ಲ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಅಂಕೇಗೌಡರು ತಮ್ಮ ದುಡಿಮೆಯ ಹಣವನ್ನು ಸುರಿದು ಲಕ್ಷಗಟ್ಟಲೆ ಪುಸ್ತಕಗಳ ‘ಪುಸ್ತಕ ಮನೆ’ ಕಟ್ಟಿದ್ದಾರೆ. 2021ರ ಏಪ್ರಿಲ್‌ನಲ್ಲಿ ಮೈಸೂರಿನ ರಾಜೀವ್ ನಗರದಲ್ಲಿ ಕೂಲಿ ಕಾರ್ಮಿಕರೊಬ್ಬರು ನಡೆಸುತ್ತಿದ್ದ, ಸುಮಾರು 11,000 ಪುಸ್ತಕಗಳಿದ್ದ ಗುಡಿಸಲಿನ ಗ್ರಂಥಾಲಯ ಬೆಂಕಿಗೆ ಆಹುತಿಯಾದಾಗ, ನಾಡಿನ ಎಲ್ಲೆಡೆಯಿಂದ ಪುಸ್ತಕ ಮತ್ತು ಹಣ ಹರಿದುಬಂತು. ಒಬ್ಬ ವ್ಯಕ್ತಿಯ ಛಲ ಇಷ್ಟನ್ನು ಮಾಡಬಲ್ಲದು. ಮುಂದಿನ ಪೀಳಿಗೆಗೂ ಅದು ಉಳಿಯಬೇಕಾದರೆ, ನಡೆಸಿಕೊಂಡು ಹೋಗುವ ಹೊಣೆಯನ್ನು ಕರ ವಸೂಲಿ ಮಾಡುವ ಸರ್ಕಾರವೇ ಹೊರಬೇಕು.

ಡಿಜಿಟಲ್ ಗ್ರಂಥಾಲಯ ಬಂದ ಮೇಲೆ ಇದೆಲ್ಲ ಏಕೆ ಎಂದು ಕೇಳುವವರಿಗೆ ಚಿಕ್ಕದಾಗಿ ಉತ್ತರಿಸಬಹುದು. ರಾಜ್ಯ ಸರ್ಕಾರ 2020ರಲ್ಲಿ ಆರಂಭಿಸಿದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯಕ್ಕೆ ಲಾಕ್‌ಡೌನ್ ಕಾಲದಲ್ಲಿ ಲಕ್ಷಾಂತರ ಮಂದಿ ಹೆಸರು ನೋಂದಾಯಿಸಿದರು. ಪಠ್ಯಪುಸ್ತಕ ಮತ್ತು ಪರೀಕ್ಷಾ ಸಾಮಗ್ರಿ ಹುಡುಕುವವರಿಗೆ ಅದರಿಂದ ನೆರವಾಗಿದೆ. ನೋಂದಣಿಯ ಸಂಖ್ಯೆ ಮತ್ತು ಓದಿನ ಪ್ರಮಾಣ ಬೇರೆ ಬೇರೆ ಎಂಬುದನ್ನು ಮರೆಯಬಾರದು. ಡಿಜಿಟಲ್ ಮಾಧ್ಯಮದ ನಿಜವಾದ ಬಲ ಬೇರೆ ಕಡೆ ಇದೆ. ಭಾರತದಲ್ಲಿ ಲೇಖಕ ತೀರಿಕೊಂಡ 60 ವರ್ಷಗಳ ನಂತರ ಕೃತಿ ಹಕ್ಕುಸ್ವಾಮ್ಯದಿಂದ ಬಿಡುಗಡೆಯಾಗುತ್ತದೆ. ಹೀಗೆ ಬಿಡುಗಡೆಯಾದ, ಅಂಗಡಿಯಲ್ಲಿ ಸಿಗದ ಹಳೆಯ ಕನ್ನಡ ಪುಸ್ತಕಗಳು ಅಪಾರ. ಅವನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಮಾಡುವುದರಲ್ಲಿ, ಕನ್ನಡದಲ್ಲೇ ಹುಡುಕುವಂತೆ ಪಟ್ಟಿ ಮಾಡುವುದರಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಜ್’, ‘ಸಂಚಯ’ದಂಥ ಸ್ವಯಂಪ್ರೇರಿತ ಗುಂಪುಗಳು ಮಾಡಿರುವ ಕೆಲಸ ದೊಡ್ಡದು. ಇಲಾಖೆ ಅವರೊಂದಿಗೆ ಕೈಜೋಡಿಸಿದರೆ ಹಳೆಯ ಪುಸ್ತಕ ಪರದೆಯ ಮೇಲೂ ಹೊಸ ಪುಸ್ತಕ ಕಪಾಟಿನಲ್ಲೂ ಸಿಗುವ ಸ್ಥಿತಿ ಬರುತ್ತದೆ. ಬಾಕಿ ಸಂದರ್ಭಗಳಲ್ಲಿ, ಕರೆ, ಸಂದೇಶ, ವಿಡಿಯೊಗಳು ನಡುನಡುವೆ ನುಗ್ಗುವ ಉಪಕರಣದಲ್ಲಿ ಮುನ್ನೂರು ಪುಟ ಓದುವುದು ಕಷ್ಟ ಎಂಬುದನ್ನು ಪರೀಕ್ಷಾರ್ಥಿಗಳೇ ಒಪ್ಪುತ್ತಾರೆ.

ಗ್ರಂಥಾಲಯಗಳು ರಾಜ್ಯ ಪಟ್ಟಿಗೆ ಸೇರಿದ ವಿಷಯ. ಆದ್ದರಿಂದ ಇಲ್ಲಿ ಹೇಳಿದ ಯಾವುದಕ್ಕೂ ದೆಹಲಿಯತ್ತ ನೋಡಬೇಕಾಗಿಲ್ಲ. ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಎಣಿಕೆ. ಪ್ರತಿ ಗ್ರಂಥಾಲಯ ಪ್ರತಿ ತಿಂಗಳು ಎಷ್ಟು ಪುಸ್ತಕ ಮನೆಗೆ ಕೊಟ್ಟಿತು, ಅದರಲ್ಲಿ ಮಕ್ಕಳು ಒಯ್ದದ್ದೆಷ್ಟು, ಮಹಿಳೆಯರು ಒಯ್ದದ್ದೆಷ್ಟು, ಐದು ವರ್ಷದಿಂದ ಒಮ್ಮೆಯೂ ಕದಲದ ಪುಸ್ತಕಗಳೆಷ್ಟು, ಓದುಗರು ಕೇಳಿದರೂ ಸಿಗದ ಪುಸ್ತಕಗಳು ಯಾವುವು ಎಂಬುದನ್ನು ಬಾಗಿಲ ಬಳಿಯ ಫಲಕದಲ್ಲೂ ಇಲಾಖೆಯ ಜಾಲತಾಣದಲ್ಲೂ ಬರೆಯಬೇಕು. ಮುಂದಿನ ವರ್ಷದ ಖರೀದಿ ಹಣ ಈ ಲೆಕ್ಕವನ್ನು ನೋಡಿ ಹಂಚಿಕೆಯಾಗಬೇಕು, ಪುಸ್ತಕ ಕಳೆದ ಗ್ರಂಥಪಾಲಕನನ್ನು ಪ್ರಶ್ನಿಸುವ ಲೆಕ್ಕ ಪರಿಶೋಧಕನೂ ಈ ಲೆಕ್ಕವನ್ನು ಪಕ್ಕದಲ್ಲಿಟ್ಟುಕೊಂಡೇ ಪ್ರಶ್ನಿಸಬೇಕು.